ಕತ್ತರಿಸಿದ ಹಾಳೆಗಳನ್ನು ಹುಡುಕುವ ಓದು

ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ ಒಂಬತ್ತು ವರ್ಷಗಳ ಅಂತರದಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1878ರಲ್ಲಿ ನಾಗರತ್ನಮ್ಮ, 1887ರಲ್ಲಿ ತಿರುಮಲಾಂಬ. ನಾಗರತ್ನಮ್ಮ ದೇವದಾಸಿ ಪುಟ್ಟಲಕ್ಷ್ಮಮ್ಮನ ಮಗಳು. ತಿರುಮಲಾಂಬ ಅಯ್ಯಂಗಾರ್ ವಕೀಲರೊಬ್ಬರ ಮಗಳು. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಶ್ರೀಕಂಠೇಶ್ವರನ ತೇರಿನ ದಿನ ಇಡೀ ಊರು ಒಂದೇ ಬೀದಿಯಲ್ಲಿ ನಿಂತರೂ ಈ ಎರಡು ಮನೆಗಳ ಹೆಂಗಸರು ಒಂದೇ ಜಗಲಿಯಲ್ಲಿ ಕೂತು ಮಾತಾಡುವುದು ಆ ಕಾಲಕ್ಕೆ ಆಗದ ಮಾತು. ಒಬ್ಬರು ಸಂಗೀತದ ಬೆನ್ನು ಹತ್ತಿ ಮೈಸೂರು, ಬೆಂಗಳೂರು ದಾಟಿ ಮದರಾಸು ಸೇರಿದರು, ‘ಬೆಂಗಳೂರು ನಾಗರತ್ನಮ್ಮ’ ಎಂದು ಹೆಸರಾದರು. ಇನ್ನೊಬ್ಬರು ತಂದೆಯ ಮನೆಯಲ್ಲೇ ಉಳಿದು ಓದಿದರು, ಬರೆದರು. ಆದರೆ ಮೂರೇ ವರ್ಷಗಳ ಅಂತರದಲ್ಲಿ, 1910ರಲ್ಲಿ ಮತ್ತು 1913ರಲ್ಲಿ, ಇಬ್ಬರೂ ಒಂದೇ ಬಗೆಯ ಕೆಲಸಕ್ಕೆ ಕೈ ಹಾಕಿದರು. ಹೆಣ್ಣಿನ ಬರಹವನ್ನು ತಾವೇ ಮುಂದೆ ನಿಂತು ಅಚ್ಚಿಗೆ ತಂದರು.

ಸ್ತ್ರೀವಾದಿ ಓದಿನ ಮಾತು ಬಂದಾಗಲೆಲ್ಲ ನಾವು 1970ರ ದಶಕದ ಚಳವಳಿಗಳಿಂದ, ಪಶ್ಚಿಮದ ಪುಸ್ತಕಗಳಿಂದ ಕಥೆ ಶುರು ಮಾಡುವುದು ರೂಢಿ. ನನಗೆ ಈ ಕಥೆ ನಂಜನಗೂಡಿನಿಂದಲೇ ಶುರುವಾಗುತ್ತದೆ. ಒಂದು ಪುಸ್ತಕ ನಮ್ಮ ಕೈಗೆ ಬರುವ ಮೊದಲು ಯಾರ ಯಾರ ಕೈ ದಾಟಿತು, ಆ ದಾರಿಯಲ್ಲಿ ಯಾವ ಹಾಳೆ ಕಳಚಿ ಬಿತ್ತು, ಕಳಚಿದವರು ಯಾರು ಎಂಬ ಪ್ರಶ್ನೆಯನ್ನು ನಾಗರತ್ನಮ್ಮನಷ್ಟು ನೇರವಾಗಿ ಕೇಳಿದವರು ಆ ಕಾಲದಲ್ಲಿ ಬೇರೆ ಯಾರೂ ನನಗೆ ಕಾಣುವುದಿಲ್ಲ.

ನಡೆದದ್ದು ಹೀಗೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಕಾವ್ಯ ಬರೆದಿದ್ದರು. ರಾಧೆ ತಾನೇ ಸಾಕಿ ಬೆಳೆಸಿದ ಇಳೆಯೆಂಬ ಹುಡುಗಿಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿ, ಆಮೇಲೆ ವಿರಹದಲ್ಲಿ ಬೇಯುವ, ಕೊನೆಗೆ ಕೃಷ್ಣನೇ ಬಂದು ರಮಿಸಬೇಕಾಗುವ ಕಥೆ. ಹೆಣ್ಣು ತನ್ನ ಆಸೆಯನ್ನು ತನ್ನ ಬಾಯಿಂದಲೇ ಹೇಳಿಕೊಳ್ಳುವ ಕಾವ್ಯ ಅದು. ನಾಗರತ್ನಮ್ಮ ಇದನ್ನು ಓದಬೇಕೆಂದು ಹುಡುಕಿದಾಗ ಸಿಕ್ಕಿದ್ದು 1887ರಲ್ಲಿ ಅಚ್ಚಾಗಿದ್ದ ಒಂದು ಪ್ರತಿ. ಆಮೇಲೆ ಮೂಲದ ಪ್ರತಿಯೊಂದು ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾ ಹೋದಂತೆ ಅಚ್ಚಿನ ಪ್ರತಿಯಲ್ಲಿ ಕೆಲವು ಪದ್ಯಗಳು ಇಲ್ಲದಿರುವುದು ಗೊತ್ತಾಯಿತು. ಅದಕ್ಕಿಂತ ದೊಡ್ಡ ಕೊರತೆ ಮೊದಲ ಪುಟಗಳಲ್ಲೇ ಇತ್ತು. ಕಾವ್ಯದ ಪೀಠಿಕೆಯೇ ಮಾಯವಾಗಿತ್ತು.

ಆ ಪೀಠಿಕೆಯಲ್ಲಿ ಏನಿತ್ತು ಎಂಬುದನ್ನು ಗಮನಿಸಬೇಕು. ಶೃಂಗಾರವಂತೂ ಅಲ್ಲ. ಮುದ್ದುಪಳನಿ ತಾನು ಯಾರು, ತನ್ನ ಮನೆತನದ ಹೆಂಗಸರು ಯಾರು, ತನ್ನ ವಿದ್ಯೆ ಎಂಥದು ಎಂದು ಸಂಕೋಚವಿಲ್ಲದೆ ಹೇಳಿಕೊಂಡ ಭಾಗ ಅದು. ಹಳೆಯ ಕಾವ್ಯಗಳಲ್ಲಿ ಕವಿ ತನ್ನ ವಂಶ, ಗುರು, ಆಶ್ರಯದಾತರನ್ನು ಹೇಳಿಕೊಳ್ಳುವುದು ಪದ್ಧತಿ. ಗಂಡಸು ಹಾಗೆ ಹೇಳಿಕೊಂಡರೆ ಅದನ್ನು ವಿದ್ವಾಂಸರು ಕಾಲನಿರ್ಣಯಕ್ಕೆ ಆಧಾರ ಎಂದು ಜೋಪಾನ ಮಾಡುತ್ತಾರೆ. ಇಲ್ಲಿ ಕವಿಯನ್ನು ಪರಿಚಯಿಸುವ ಪುಟಗಳೇ ಬೇಡವಾಗಿದ್ದವು. ಕಾವ್ಯ ಉಳಿಯಲಿ, ಬರೆದವಳ ಗುರುತು ಅಳಿಯಲಿ ಎಂಬಂತಿತ್ತು ಆ ಕತ್ತರಿ ಪ್ರಯೋಗ.

ತೆಲುಗಿನ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ತಮ್ಮ ಆಂಧ್ರ ಕವಿಗಳ ಚರಿತ್ರೆಯಲ್ಲಿ ಮುದ್ದುಪಳನಿಯನ್ನು ನಡತೆಗೆಟ್ಟವಳೆಂದು ಜರೆದಿದ್ದರು. ವಿಧವಾ ವಿವಾಹಕ್ಕಾಗಿ, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಹೋರಾಡಿದ ವ್ಯಕ್ತಿ ಅವರು. ನಾಗರತ್ನಮ್ಮ ಅವರ ದೊಡ್ಡತನಕ್ಕೆ ಅಂಜಲಿಲ್ಲ. ತಮ್ಮ ಮುನ್ನುಡಿಯಲ್ಲಿ ಸೀದಾ ಕೇಳಿದರು: ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೇ? ಇದಕ್ಕಿಂತ ಹೆಚ್ಚು ಶೃಂಗಾರವಿರುವ ‘ವೈಜಯಂತೀ ವಿಲಾಸಮು’ವನ್ನು ಇದೇ ಹಿರಿಯರು ಒಪ್ಪಿದ್ದು ಹೇಗೆ? ಪ್ರತಿಷ್ಠಿತರಾದ ಗಂಡು ಕವಿಗಳು ಬರೆದರೆ ರಸ, ವೇಶ್ಯೆಯೆಂದು ಕರೆಸಿಕೊಂಡ ಹೆಣ್ಣು ಬರೆದರೆ ಅಶ್ಲೀಲ ಎಂಬುದು ಯಾವ ಅಳತೆಗೋಲು? ಈ ಪುಸ್ತಕ ತನಗೆ ಅಷ್ಟು ಪ್ರಿಯವಾದದ್ದು ಇದು ಹೆಣ್ಣಿನ ಬರಹ, ಅದರಲ್ಲೂ ತನ್ನದೇ ಕುಲದ ಹೆಣ್ಣಿನ ಬರಹ ಎಂಬುದರಿಂದ ಎಂದೂ ಅವರು ಮುಚ್ಚುಮರೆಯಿಲ್ಲದೆ ಬರೆದರು. 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಪೂರ್ತಿ ಪಾಠವನ್ನು ಪ್ರಕಟಿಸಿತು.

ಮರುವರ್ಷವೇ ಸರ್ಕಾರ ಅಶ್ಲೀಲವೆಂದು ಪುಸ್ತಕಕ್ಕೆ ತಡೆ ಹಾಕಿತು, ಪ್ರತಿಗಳನ್ನು ಜಪ್ತಿ ಮಾಡಿತು. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ. ನಾಗರತ್ನಮ್ಮ 1952ರವರೆಗೆ ಬದುಕಿದ್ದರು, ಹಾಗಾಗಿ ಅದನ್ನು ಕಂಡರು ಎಂಬುದಷ್ಟೇ ಸಮಾಧಾನ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಅಲ್ಲಿ ಹೆಂಗಸರೂ ಹಾಡುವಂತೆ ಮಾಡಿದವರು ಎಂದು ಸಂಗೀತ ಲೋಕ ಅವರನ್ನು ನೆನೆಯುತ್ತದೆ. ಓದುಗರಾಗಿ, ಸಂಪಾದಕಿಯಾಗಿ ಅವರು ಮಾಡಿದ ಕೆಲಸ ಕನ್ನಡನಾಡಿನಲ್ಲಿ ಇನ್ನೂ ಸಾಕಷ್ಟು ಜನಕ್ಕೆ ಗೊತ್ತಿಲ್ಲ. ಕಾವ್ಯ ತೆಲುಗಿನದಾದರೇನು, ಆ ಕಣ್ಣು ನಮ್ಮ ನಂಜನಗೂಡಿನದು.

ಇನ್ನು ತಿರುಮಲಾಂಬ. 1913ರಲ್ಲಿ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಮ್ಮ ಕಾದಂಬರಿ ‘ಸುಶೀಲೆ’ಯನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಕಾದಂಬರಿ, ನಾಟಕ, ಪ್ರಬಂಧ ಎಲ್ಲದರಲ್ಲೂ ಕೈ ಆಡಿಸಿದರು. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿಯರ ಸಾಲಿನಲ್ಲಿ ಅವರ ಹೆಸರೇ ಮೊದಲು ಬರುತ್ತದೆ. ಆದರೆ ಅವರ ಪುಸ್ತಕಗಳನ್ನು ಇಂದು ತೆರೆದ ಓದುಗರಿಗೆ ಒಂದು ಗಲಿಬಿಲಿ ಆಗುತ್ತದೆ. ಪತಿಭಕ್ತಿ, ಸದ್ಗುಣ, ತಾಳ್ಮೆ ಇವೆಲ್ಲ ಪುಟಪುಟದಲ್ಲೂ ಇವೆ. ಗ್ರಂಥಮಾಲೆಯ ಹೆಸರಿನಲ್ಲೇ ‘ಸತಿ’ ಇದ್ದಾಳೆ. ಇದನ್ನು ಸ್ತ್ರೀವಾದಿ ಎನ್ನುವುದು ಹೇಗೆ ಎಂದು ವಿದ್ಯಾರ್ಥಿನಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ನನ್ನ ಉತ್ತರ ಇಷ್ಟು: ಅವರ ಪಾತ್ರಗಳು ಹೇಳುವ ಮಾತಿನ ಜೊತೆಗೆ, ಆ ಪುಸ್ತಕ ಅಚ್ಚಾದ ರೀತಿಯನ್ನೂ ಓದಬೇಕು. ಮಡಿ ಹೆಂಗಸು ಹೊಸ್ತಿಲು ದಾಟುವುದೇ ಅಪಶಕುನ ಎನ್ನುವ ಕಾಲದಲ್ಲಿ ಒಬ್ಬ ಬಾಲವಿಧವೆ ಪ್ರೆಸ್ಸಿನ ಲೆಕ್ಕ, ಕಾಗದದ ಖರ್ಚು, ಅಂಚೆ, ಚಂದಾದಾರರ ಪಟ್ಟಿ ಇವನ್ನೆಲ್ಲ ತನ್ನ ಜವಾಬ್ದಾರಿ ಎಂದುಕೊಂಡಳು. ಸಾಂಪ್ರದಾಯಿಕ ನೀತಿಯನ್ನು ಹೇಳುತ್ತಲೇ, ಆ ನೀತಿ ತನಗೆ ನಿಷೇಧಿಸಿದ ಸಾರ್ವಜನಿಕ ಜಾಗವನ್ನು ಹಿಡಿದಳು. ಇದೇ ಬಗೆಯ ಓದು ಹದಿನೇಳನೆಯ ಶತಮಾನದ ಸಂಚಿ ಹೊನ್ನಮ್ಮನಿಗೂ ಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹೊರುತ್ತಿದ್ದ ಹೆಣ್ಣುಮಗಳು ‘ಹದಿಬದೆಯ ಧರ್ಮ’ ಬರೆದು ಹೆಂಡತಿ ಹೇಗಿರಬೇಕೆಂದು ಉದ್ದಕ್ಕೂ ಉಪದೇಶಿಸುತ್ತಾಳೆ; ನಡುವೆ, ಹೆಣ್ಣೆಂದು ಯಾಕೆ ಹೀಗಳೆಯುತ್ತೀರಿ ಎಂದು ಲೋಕವನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆ ತರಾಟೆಯ ಪದ್ಯ ಮಾತ್ರ ಭಾಷಣಗಳಲ್ಲಿ ಮೆರೆಯುತ್ತದೆ. ಉಪದೇಶವನ್ನೂ ತರಾಟೆಯನ್ನೂ ಒಂದೇ ಉಸಿರಿನಲ್ಲಿ ಓದಿದಾಗಲೇ, ಅರಮನೆಯ ಊಳಿಗದ ಹೆಣ್ಣು ಯಾವ ಇಕ್ಕಟ್ಟಿನಲ್ಲಿ ನಿಂತು ಬರೆದಳೆಂದು ಅರ್ಥವಾಗುವುದು.

ತಿರುಮಲಾಂಬ 1982ರವರೆಗೆ ಬದುಕಿದ್ದರು. ಬರೆದದ್ದೆಲ್ಲ ಹೆಚ್ಚಾಗಿ ಬದುಕಿನ ಮೊದಲ ಅರ್ಧದಲ್ಲಿ. ಆಮೇಲಿನದು ದೀರ್ಘ ಮೌನ. ಅವರನ್ನು ಮತ್ತೆ ಓದುಗರ ಎದುರಿಗೆ ತಂದವರು ಚಿ.ನ. ಮಂಗಳಾ, ವಿಜಯಾ ದಬ್ಬೆ ಅವರಂಥ ಹೆಣ್ಣುಮಕ್ಕಳೇ. ವಿಜಯಾ ದಬ್ಬೆ ಸಂಪಾದಿಸಿದ ‘ಹಿತೈಷಿಣಿಯ ಹೆಜ್ಜೆಗಳು’ ಇಲ್ಲದಿದ್ದರೆ ನನ್ನ ತಲೆಮಾರಿನ ಎಷ್ಟೋ ಜನ ಆ ಹೆಸರನ್ನು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿಯಷ್ಟೇ ತಿಳಿದಿರುತ್ತಿದ್ದೆವು.

ಮಧ್ಯಾಹ್ನದ ಓದುಗರು

ಬರೆದ ಹೆಂಗಸರ ಬಗ್ಗೆ ಇಷ್ಟಾದರೂ ಮಾತಾಡುತ್ತೇವೆ. ಓದಿದ ಹೆಂಗಸರ ಚರಿತ್ರೆ ಇನ್ನೂ ಯಾರ ಗಮನಕ್ಕೂ ಸರಿಯಾಗಿ ಬಂದಿಲ್ಲ. ಪಡಸಾಲೆಯಲ್ಲಿ ಜೈಮಿನಿ ಭಾರತದ ವಾಚನ ನಡೆಯುವಾಗ ನಡುಮನೆಯ ಬಾಗಿಲ ಹಿಂದೆ ಕೂತು ಕೇಳಿಸಿಕೊಂಡವರು. ಅಕ್ಷರ ಬಂದ ಮೇಲೆ ವಾರಪತ್ರಿಕೆಯ ಧಾರಾವಾಹಿಗೆ ಕಾದವರು. ಊಟದ ಪಾತ್ರೆಗಳನ್ನು ತೊಳೆದಿಟ್ಟು, ಸಂಜೆಯ ಕಾಫಿಗೆ ಹಾಲು ಇಡುವ ಮೊದಲಿನ ಎರಡು ಗಂಟೆ ಅವರದಾಗಿತ್ತು. ‘ಪ್ರಜಾಮತ’, ‘ಸುಧಾ’ ಬಂದರೆ ಮೊದಲು ಧಾರಾವಾಹಿಯ ಪುಟ. ಕಂತು ಮುಗಿದ ಮೇಲೆ ಆ ಹಾಳೆಗಳನ್ನು ಬಿಡಿಸಿ, ವಾರವಾರವೂ ಜೋಡಿಸಿಟ್ಟು, ಕೊನೆಗೆ ದಬ್ಬಣದಲ್ಲಿ ತೂತು ಮಾಡಿ ದಪ್ಪ ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದರೆ ಮನೆಯಲ್ಲೇ ಒಂದು ಕಾದಂಬರಿ ಸಿದ್ಧ. ಎಡಬದಿಯ ಅಕ್ಷರಗಳು ಹೊಲಿಗೆಯೊಳಗೆ ಸಿಕ್ಕಿಕೊಂಡಿರುತ್ತಿದ್ದವು, ಪುಟದ ಹಿಂಬದಿಯಲ್ಲಿ ಸೋಪಿನ ಜಾಹೀರಾತಿನ ಅರ್ಧ ಮುಖ ಇರುತ್ತಿತ್ತು. ಅಕ್ಕಪಕ್ಕದ ನಾಲ್ಕು ಮನೆ ಸುತ್ತಿ ಅರಿಶಿನದ ಬೆರಳ ಗುರುತು ಹೊತ್ತು ಅದು ಮರಳುತ್ತಿತ್ತು. ನಮ್ಮ ಮನೆಯ ಅಟ್ಟದ ಮೇಲೆ ಅಂಥ ಒಂದು ಕಟ್ಟು ಇತ್ತು. ನಾನು ಓದಿದ ಮೊದಲ ಕಾದಂಬರಿ ಆ ಕಟ್ಟಿನಲ್ಲಿದ್ದದ್ದೇ.

ಈ ಓದುಗರನ್ನೂ ಅವರು ಓದಿದ ಲೇಖಕಿಯರನ್ನೂ ಒಟ್ಟಿಗೆ ‘ಅಡುಗೆಮನೆ ಸಾಹಿತ್ಯ’ ಎಂದು ತಳ್ಳಿಹಾಕಿದ್ದು ನಮ್ಮ ವಿಮರ್ಶೆಯ ದೊಡ್ಡ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. ತ್ರಿವೇಣಿಯವರನ್ನೇ ತೆಗೆದುಕೊಳ್ಳಿ. ಮನಸ್ಸಿನ ಕಾಯಿಲೆಯೆಂದರೆ ದೆವ್ವ ಮೆಟ್ಟಿದೆ ಎಂದು ತಾಯಿತ ಕಟ್ಟಿಸುತ್ತಿದ್ದ ಕಾಲದಲ್ಲಿ, ಹೆರಿಗೆಯಾದ ಹೆಣ್ಣು ಯಾಕೆ ಹಾಗಾಗುತ್ತಾಳೆ, ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೂ ಮನೆ ಅವಳನ್ನು ಯಾಕೆ ನಂಬುವುದಿಲ್ಲ ಎಂಬುದನ್ನು ‘ಶರಪಂಜರ’ದಲ್ಲಿ ಬರೆದರು. ಕಥಾನಾಯಕಿ ಕಾವೇರಿಗೆ ಎರಡನೆಯ ಸಲ ಪೆಟ್ಟು ಕೊಡುವುದು ಕಾಯಿಲೆಯಲ್ಲ, ಸುತ್ತಲಿನ ಪಿಸುಮಾತು ಮತ್ತು ಗಂಡನ ನಡತೆ. ಲಕ್ಷಾಂತರ ಜನಕ್ಕೆ ಆ ಕಥೆ ಗೊತ್ತಿರುವುದು 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ. ತ್ರಿವೇಣಿ ಅದನ್ನು ನೋಡಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಕಾದಂಬರಿ ಓದಿ ತನ್ನ ಮನೆಯ ಬಾಣಂತಿಯನ್ನು ಬೇರೆ ಕಣ್ಣಿಂದ ನೋಡಿದ ಒಬ್ಬ ಅತ್ತೆ ಇದ್ದಿದ್ದರೂ ಆ ಓದು ಯಾವ ವಿಮರ್ಶಾ ಗ್ರಂಥಕ್ಕೂ ಕಡಿಮೆಯದಲ್ಲ.

ಇಬ್ಬರು ಅಜ್ಜಿಯರು

ವೈವಿಧ್ಯ ಬೇಕು ಎಂದಾಗ ಕೆಲವರು ಹೀಗೆ ಹೆದರುತ್ತಾರೆ: ಹೊಸಬರನ್ನು ತರುವ ನೆಪದಲ್ಲಿ ದೊಡ್ಡವರನ್ನು ಕೆಳಗಿಳಿಸುತ್ತೀರಿ. ಹಾಗಾಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಪುಸ್ತಕ ಬಂದು ಕೂತರೆ ಮೊದಲಿನ ಪುಸ್ತಕವೇ ಹೆಚ್ಚು ಹೇಳತೊಡಗುತ್ತದೆ. ಇದಕ್ಕೆ ಕನ್ನಡದಲ್ಲಿ ಇರುವ ಒಳ್ಳೆಯ ಜೋಡಿ ‘ಮೂಕಜ್ಜಿಯ ಕನಸುಗಳು’ ಮತ್ತು ‘ಫಣಿಯಮ್ಮ’. ಶಿವರಾಮ ಕಾರಂತರ ಕಾದಂಬರಿ 1968ರದು, 1977ರಲ್ಲಿ ಅವರಿಗೆ ಜ್ಞಾನಪೀಠ ಬಂತು. ಎಂ.ಕೆ. ಇಂದಿರಾ ಅವರದು 1976ರದು. ಎರಡರಲ್ಲೂ ಬಾಲ್ಯದಲ್ಲೇ ವಿಧವೆಯಾದ ಒಬ್ಬ ಅಜ್ಜಿ ನಡುವೆ ನಿಂತಿದ್ದಾಳೆ.

ಮೂಕಜ್ಜಿಗೆ ಒಂದು ಶಕ್ತಿಯಿದೆ. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಸಾವಿರಾರು ವರ್ಷ ಹಿಂದಿನ ಬದುಕು ಅವಳ ಕಣ್ಣೆದುರು ತೆರೆಯುತ್ತದೆ. ದೇವರು ಹೇಗೆ ಹುಟ್ಟಿದ, ಮನುಷ್ಯ ಯಾವುದಕ್ಕೆ ಹೆದರಿದ, ಕಾಮವನ್ನು ಧರ್ಮ ಯಾಕೆ ಹೀಗೆ ಕಟ್ಟಿಹಾಕಿತು ಎಂದು ಮೊಮ್ಮಗ ಸುಬ್ಬರಾಯನ ಎದುರು ಮುಲಾಜಿಲ್ಲದೆ ಮಾತಾಡುತ್ತಾಳೆ. ಕನ್ನಡದ ಅಷ್ಟು ದಿಟ್ಟ ಅಜ್ಜಿ ಇನ್ನೊಬ್ಬಳಿಲ್ಲ. ಅವಳು ಗಂಡಸೊಬ್ಬರ ಕಲ್ಪನೆಯಿಂದ ಬಂದವಳು ಎಂಬ ಕಾರಣಕ್ಕೆ ಅವಳನ್ನು ದೂರ ಇಡುವವರ ಜೊತೆ ನಾನಿಲ್ಲ.

ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು. ಇಂದಿರಾ ಅವರ ಹಿರೀಕರ ಮನೆಯವರು. 1840ರಿಂದ 1952ರವರೆಗೆ, 112 ವರ್ಷ. ಮಲೆನಾಡಿನ ದೊಡ್ಡ ಮನೆಯಲ್ಲಿ ಆಟವಾಡುವ ವಯಸ್ಸಿಗೆ ಮದುವೆ, ಗಂಡನಿಗೆ ಹಾವು ಕಚ್ಚಿ ಸಾವು, ಮೈನೆರೆದ ಮೇಲೆ ತಲೆ ಬೋಳು. ಆಮೇಲೆ ಒಂದು ಶತಮಾನ ಪೂರ್ತಿ ಇತರರ ಮನೆಯ ಬಾಣಂತನ, ಹಪ್ಪಳ ಸಂಡಿಗೆ, ಮಡಿ ಅಡುಗೆ. ಇವಳಿಗೆ ಕನಸಿನಲ್ಲಿ ಇತಿಹಾಸ ಕಾಣುವುದಿಲ್ಲ. ಕ್ಷೌರಿಕನ ಎದುರು ಕೂರುವ ಹೆಣ್ಣಿನ ಭಯ ಕಾಣುತ್ತದೆ. ಹೆರಿಗೆ ಕಷ್ಟವಾದಾಗ ಏನು ಮಾಡಬೇಕೆಂದು ಕೈಗೆ ಗೊತ್ತಿರುತ್ತದೆ. ಮಡಿಯ ಕಟ್ಟನ್ನು ದಾಟಿ, ಯಾರಿಗೂ ತಿಳಿಯದಂತೆ, ಕೇರಿಯ ಹೆಣ್ಣೊಬ್ಬಳ ಹೆರಿಗೆಗೂ ಆ ಕೈ ನೆರವಾಗುತ್ತದೆ. ಇಳಿವಯಸ್ಸಿನಲ್ಲಿ ದಾಕ್ಷಾಯಿಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಊರಿನ ಮಡಿವಂತರೆಲ್ಲ ಒಂದು ಕಡೆ, ಫಣಿಯಮ್ಮ ದಾಕ್ಷಾಯಿಣಿಯ ಕಡೆ.

ಎರಡನ್ನೂ ಬೆನ್ನಿಗೆ ಬೆನ್ನು ಓದಿ ನೋಡಿ. ಮೂಕಜ್ಜಿಯ ಮಾತಿನಲ್ಲಿ ಲೋಕದ ಎಲ್ಲ ದೇವರುಗಳೂ ಬರುತ್ತಾರೆ, ಅವಳ ತಲೆಗೂದಲಿನ ಕಥೆಗೆ ಅಷ್ಟು ಜಾಗವಿಲ್ಲ. ಫಣಿಯಮ್ಮನಲ್ಲಿ ಸಿದ್ಧಾಂತವಿಲ್ಲ, ದಿನಚರಿ ಇದೆ. ಆ ದಿನಚರಿಯೇ ಸಂಪ್ರದಾಯದ ಮೇಲಿನ ಆರೋಪಪಟ್ಟಿಯಾಗುತ್ತದೆ. ಒಂದನ್ನು ಓದಿದವರಿಗೆ ಇನ್ನೊಂದು ಯಾವ ಪ್ರಶ್ನೆ ಕೇಳುತ್ತಿದೆ ಎಂದು ತಿಳಿಯುತ್ತದೆ. ಕಾರಂತರ ಅಜ್ಜಿ ಎಲ್ಲ ಎಂ.ಎ. ತರಗತಿಗಳಲ್ಲೂ ಚರ್ಚೆಯಾದಳು. ಇಂದಿರಾ ಅವರ ಅಜ್ಜಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು, ಪ್ರೇಮಾ ಕಾರಂತರ ಸಿನಿಮಾ ಬಂತು, ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಬಂತು. ಆದರೂ ‘ಜನಪ್ರಿಯ ಲೇಖಕಿ’ ಎಂಬ ಖಾನೆಯಿಂದ ಹೊರಬರಲು ಬಹಳ ಕಾಲ ಹಿಡಿಯಿತು.

ಎಲ್ಲ ಹೆಂಗಸರೂ ಒಂದೇ ಅಲ್ಲ

ಇಲ್ಲಿಯವರೆಗೆ ಹೇಳಿದ ಕನ್ನಡ ಲೇಖಕಿಯರು ಹೆಚ್ಚಿನವರು ಬ್ರಾಹ್ಮಣ ಮನೆಗಳಿಂದ ಬಂದವರು. ಅಕ್ಷರ ಯಾರ ಮನೆಗೆ ಮೊದಲು ಬಂತೋ ಅಲ್ಲಿಂದ ಬರಹವೂ ಮೊದಲು ಬಂತು. ಸ್ತ್ರೀವಾದಿ ಓದು ಇಲ್ಲಿಗೇ ತೃಪ್ತಿಪಟ್ಟರೆ ಅದೂ ಒಂದು ಕತ್ತರಿಯೇ ಆಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯ ಜೊತೆ ಆಯ್ದಕ್ಕಿ ಲಕ್ಕಮ್ಮ, ಅಮುಗೆ ರಾಯಮ್ಮ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಹೀಗೆ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ಹೇಳಿದರು. ಸೂಳೆ ಸಂಕವ್ವೆಯದು ನಮಗೆ ಉಳಿದಿರುವುದು ಒಂದೇ ವಚನ. ಉಳಿದವು ಎಲ್ಲಿ ಹೋದವೋ!

ಗೀತಾ ನಾಗಭೂಷಣ ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು. ದುಡಿಯುವ ಕೆಳಜಾತಿಗಳ ಹೆಣ್ಣುಮಕ್ಕಳ ಬದುಕನ್ನು ಆ ಸೀಮೆಯ ಬಿರುಸಾದ ಮಾತಿನಲ್ಲೇ ಬರೆದರು. 2004ರಲ್ಲಿ ಅವರ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಆ ಪ್ರಶಸ್ತಿ ಪಡೆದ ಕನ್ನಡದ ಮೊದಲ ಮಹಿಳೆ ಅವರಾದರು. ಪ್ರಶಸ್ತಿ ಶುರುವಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಕನ್ನಡಕ್ಕೆ ಬಂದಿರುವ ಎಂಟು ಜ್ಞಾನಪೀಠಗಳಲ್ಲಿ ಒಂದೂ ಲೇಖಕಿಗೆ ಬಂದಿಲ್ಲ. ಬಂಗಾಳಿ, ಪಂಜಾಬಿ, ಹಿಂದಿ, ಉರ್ದು, ಅಸ್ಸಾಮಿ, ಒಡಿಯಾ ಭಾಷೆಗಳ ಲೇಖಕಿಯರಿಗೆ ಬಂದಿದೆ. 2024ರ ಮಂಡ್ಯ ಸಮ್ಮೇಳನದವರೆಗಿನ 87 ಸಾಹಿತ್ಯ ಸಮ್ಮೇಳನಗಳಲ್ಲಿ ಅಧ್ಯಕ್ಷತೆ ವಹಿಸಿದ ಮಹಿಳೆಯರು ನಾಲ್ವರು: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಈ ಲೆಕ್ಕವೇ ಎಲ್ಲವನ್ನೂ ಹೇಳುವುದಿಲ್ಲ, ಆದರೆ ಲೆಕ್ಕ ಹಾಕದೇ ಇದ್ದರೆ ಅಷ್ಟೂ ಗೊತ್ತಾಗುವುದಿಲ್ಲ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಕಟ್ಟಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಸಾರಾ ಅಬೂಬಕ್ಕರ್ ಅವರದು ಇನ್ನೊಂದು ಕಥೆ. ಕಾಸರಗೋಡಿನಲ್ಲಿ ಹುಟ್ಟಿ, ತಮ್ಮ ಸಮುದಾಯದಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದಾಗ ಕನ್ನಡ ಶಾಲೆಯಲ್ಲಿ ಓದಿದವರು. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ, ಪುಸ್ತಕವಾದದ್ದು ಆಮೇಲೆ. ಅಪ್ಪನ ಸಿಟ್ಟಿಗೆ ಸಿಕ್ಕಿ ತಲಾಖ್ ಆದ ನಾದಿರಾ, ಪ್ರೀತಿಸುವ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕೆಂಬ ನಿಯಮ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಅವರಿಗೆ ಮಾತಾಡಲು ಬಿಡಲಿಲ್ಲ. ಅವರು ಬರೆಯುವುದನ್ನು ಬಿಡಲಿಲ್ಲ. ಮುಂದೆ ತಮ್ಮದೇ ‘ಚಂದ್ರಗಿರಿ ಪ್ರಕಾಶನ’ ಕಟ್ಟಿದರು. ತಿರುಮಲಾಂಬ ಹಿಡಿದ ದಾರಿಯನ್ನೇ ಮಂಗಳೂರಿನಲ್ಲಿ ನೆಲೆಸಿದ ಈ ಮುಸ್ಲಿಂ ಲೇಖಕಿಯೂ ಹಿಡಿದರು ಎಂಬುದು ನನಗೆ ಬಹಳ ಮುಖ್ಯವಾದ ಸಂಗತಿ. ತನ್ನ ಪುಸ್ತಕದ ಕೊನೆಯ ಕರಡು ತನ್ನ ಕೈಯಲ್ಲೇ ಇರಬೇಕೆಂಬ ಅರಿವು ಅದು.

ಓದುಗರಾದ ನಮ್ಮದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ಮುಸ್ಲಿಂ ಲೇಖಕಿಯ ಪುಸ್ತಕವನ್ನು ನಾವು ‘ಆ ಜನರ ಬಗ್ಗೆ ತಿಳಿಯಲು’ ಓದುತ್ತೇವೆ. ನಾದಿರಾಳ ಕಥೆ ಓದಿ ತಲಾಖಿನ ಬಗ್ಗೆ ತೀರ್ಪು ಕೊಡುವ ಓದುಗ, ಅದೇ ಅಪ್ಪನ ಸಿಟ್ಟು, ಅದೇ ಗಂಡುದರ್ಪ ತನ್ನ ಪಡಸಾಲೆಯಲ್ಲಿ ಕೂತಿರುವುದನ್ನು ನೋಡುವುದಿಲ್ಲ. ಹೀಗೆ ಓದಿದರೆ ಪುಸ್ತಕ ಸಾಕ್ಷಿಯ ಕಟಕಟೆಯಾಗುತ್ತದೆ, ಕಲೆಯಾಗಿ ಉಳಿಯುವುದಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರು ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಇಡೀ ನಾಡು ಸಂಭ್ರಮಿಸಿತು. ಆ ಪ್ರಶಸ್ತಿ ಕಥಾಸಂಕಲನವೊಂದಕ್ಕೆ ಬಂದದ್ದೇ ಅದು ಮೊದಲು. ಬಂಡಾಯ ಸಾಹಿತ್ಯ ಚಳವಳಿಯ ದಿನಗಳಿಂದ ಬರೆಯುತ್ತಾ, ವಕೀಲಿ ವೃತ್ತಿಯಲ್ಲಿ ಹೆಂಗಸರ ಅಹವಾಲು ಕೇಳುತ್ತಾ ಬಂದವರ ಕಥೆಗಳವು. ಅನುವಾದಕಿ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿ ಹಾಕದೆ ಹಾಗೆಯೇ ಬಿಟ್ಟರು. ಹೊರಗಿನ ಓದುಗ ಸ್ವಲ್ಪ ಕಷ್ಟಪಟ್ಟು ಈ ಮನೆಯೊಳಗೆ ಬರಲಿ ಎಂಬ ಆ ನಿಲುವಿನಲ್ಲಿ ದೊಡ್ಡ ಆತ್ಮಗೌರವವಿದೆ.

ಹೆಣ್ಣು ಯಾರು ಎಂಬ ಗೆರೆಯನ್ನೇ ಹಿಗ್ಗಿಸಿದ ಪುಸ್ತಕಗಳೂ ಕನ್ನಡದಲ್ಲಿವೆ. ಎ. ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಮಂಜಮ್ಮ ಜೋಗತಿ ಹೇಳಿದ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂದು ನಿರೂಪಿಸಿದರು. ಎಲ್ಲಮ್ಮನ ಪರಂಪರೆಯ ಜೋಗತಿಯೂ ದೇವದಾಸಿ ಮನೆತನದ ನಾಗರತ್ನಮ್ಮನೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರಬೇಕಾದವರು ಎಂದು ನನಗೆ ಅನ್ನಿಸುತ್ತದೆ.

ಕತ್ತರಿ ಈಗಲೂ ಕೆಲಸ ಮಾಡುತ್ತಿದೆ. 2022ರ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ ಹತ್ತನೆಯ ತರಗತಿಯ ಕನ್ನಡ ಪುಸ್ತಕದಿಂದ ಸಾರಾ ಅವರ ‘ಯುದ್ಧ’ ಕಥೆ ಹೊರಗೆ ಹೋಯಿತು. ಗಡಿಯಾಚೆಗೂ ಮನುಷ್ಯರಿದ್ದಾರೆ ಎಂದು ಹೇಳುವ ಕಥೆ ಅದು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಸೇರಿತು. ಅಷ್ಟರಲ್ಲಿ ಸಾರಾ ಇರಲಿಲ್ಲ, ಆ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಸರ್ಕಾರದ ಜೊತೆ ಬಂದು ಸರ್ಕಾರದ ಜೊತೆ ಹೋಗುವ ಪಾಠಗಳಿಂದ ಮಕ್ಕಳ ಓದನ್ನು ಕಟ್ಟಲಾಗುವುದಿಲ್ಲ. ಪಠ್ಯದಲ್ಲಿ ಇರಲಿ ಬಿಡಲಿ, ಪುಸ್ತಕ ಊರಿನ ಗ್ರಂಥಾಲಯದಲ್ಲಿ ಸಿಗಬೇಕು.

ಆ ಗ್ರಂಥಾಲಯದ ಸ್ಥಿತಿಗೆ ಬರೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಹೋಗುತ್ತದೆ. ಸಗಟು ಖರೀದಿಗೆ ಯಾವ ಪುಸ್ತಕ ಆಯ್ಕೆಯಾಗಬೇಕೆಂದು ಸಮಿತಿ ನಿರ್ಧರಿಸುತ್ತದೆ. ಸಣ್ಣ ಪ್ರಕಾಶಕರ ಉಳಿವು ಬಹುಮಟ್ಟಿಗೆ ಆ ಪಟ್ಟಿಯ ಮೇಲೆ ನಿಂತಿದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಮಕ್ಕಳಿಗಾಗಿ ಅಲ್ಲಿ ಒಳ್ಳೆಯ ಕೆಲಸಗಳಾಗಿವೆ, ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ. ಆದರೂ ನಾನು ನೋಡಿರುವ ಹೆಚ್ಚಿನ ಕಡೆ ಬೆಳಗಿನ ಹೊತ್ತು ಉದ್ದ ಮೇಜಿನ ಸುತ್ತ ಗಂಡಸರೇ. ದಿನಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ನಾಲ್ಕು ಕೈಯಲ್ಲಿ. ಕಾದಂಬರಿಗಳು ಗಾಜಿನ ಬೀರುವಿನಲ್ಲಿ, ಬೀಗದ ಕೈ ಮೇಲ್ವಿಚಾರಕರ ಮೇಜಿನ ಡ್ರಾಯರಿನಲ್ಲಿ. ಪಕ್ಕದ ಪಂಚಾಯಿತಿ ಕಚೇರಿಗೆ ಉದ್ಯೋಗ ಖಾತ್ರಿಯ ಕೂಲಿ ಕೇಳಲು ಬಂದ ಹೆಂಗಸರು ಹೊರಗಿನ ಕಟ್ಟೆಯ ಮೇಲೆ ಕಾಯುತ್ತಾರೆ, ಒಳಗೆ ಬಂದು ಕೂರುವುದಿಲ್ಲ. ಬೇಡ ಎಂದವರು ಯಾರೂ ಇಲ್ಲ, ಬನ್ನಿ ಎಂದವರೂ ಇಲ್ಲ. ಬಾಗಿಲು ತೆರೆಯುವ ಬೆಳಗು ಸಂಜೆಗಳಂತೂ ಒಲೆ, ಹಾಲು ಕರೆಯುವುದು, ಮಕ್ಕಳು ಇವುಗಳ ಹೊತ್ತು.

ಹಾಗಾಗಿ ವೈವಿಧ್ಯದ ಬಗ್ಗೆ ಮಾತಾಡುವ ನಮ್ಮೆಲ್ಲರ ಮೊದಲ ಬೇಡಿಕೆ ಬಹಳ ಸಾದಾ ಆಗಿರಬೇಕು. ಅರಿವು ಕೇಂದ್ರಗಳ ಬಾಗಿಲು ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ತೆರೆದಿರಲಿ. ಸ್ತ್ರೀಶಕ್ತಿ ಸಂಘದ ವಾರದ ಸಭೆ, ಉಳಿತಾಯದ ಲೆಕ್ಕ ಅಲ್ಲೇ ನಡೆಯಲಿ. ಲೆಕ್ಕ ಮುಗಿದ ಮೇಲೆ ಓದಲು ಬರುವ ಒಬ್ಬಳು ‘ಫಣಿಯಮ್ಮ’ದ ಒಂದು ಅಧ್ಯಾಯವನ್ನೋ ಬಾನು ಅವರ ಒಂದು ಕಥೆಯನ್ನೋ ಗಟ್ಟಿಯಾಗಿ ಓದಲಿ, ಅಕ್ಷರ ಬಾರದವರೂ ಕೇಳಲಿ, ಜಗಳವಾಡಲಿ. ಗೀತಾ ನಾಗಭೂಷಣರ ಕಾದಂಬರಿಗಳ ಪ್ರತಿ ಕಲಬುರಗಿ ಸೀಮೆಯ ಪ್ರತಿ ಪಂಚಾಯಿತಿಯಲ್ಲೂ ಇರಲಿ. ಖರೀದಿಯ ಪಟ್ಟಿ ಮಾಡುವ ಸಮಿತಿಯಲ್ಲಿ ಇಂಥ ಓದುಗರು ಒಬ್ಬರಿಬ್ಬರಾದರೂ ಕೂರಲಿ. ತಿರುಮಲಾಂಬ ಅವರ ಸಮಗ್ರ ಕೃತಿಗಳು ಮತ್ತು ನಾಗರತ್ನಮ್ಮನ ಆ ತೆಲುಗು ಮುನ್ನುಡಿಯ ಪೂರ್ತಿ ಕನ್ನಡ ಅನುವಾದ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಬರಲಿ. ಪುಸ್ತಕ ಪ್ರಾಧಿಕಾರ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಮನಸ್ಸು ಮಾಡಿದರೆ ಇದು ಆಗುವ ಕೆಲಸ. ಅದರ ಮೊದಲ ಪ್ರತಿಗಳು ನಂಜನಗೂಡು ತಾಲ್ಲೂಕಿನ ಪಂಚಾಯಿತಿ ಗ್ರಂಥಾಲಯಗಳಿಗೆ, ಬೀಗ ಹಾಕದ ಬೀರುವಿಗೆ ಹೋಗಲಿ.